ನೋರೀನ್‌ಗೊಂದು ಟ್ಯಾಕ್ಸಿ

"ಏಳ್ರೀ ಮೇಲೆ! ಅದು ನನ್ನ ಮೆಟ್ಟಿಲು!"

ಲಿನೆಟ್‌ಳ ದನಿಗೆ ಆ ಮನುಷ್ಯ ಬೆಚ್ಚಿಬಿದ್ದ. ಬಾಯಿಗಿಟ್ಟಿದ್ದ ಸಾಸೇಜ್ ರೋಲ್ ಕೈಜಾರಿ ನೆಲಕ್ಕೆ ಬಿತ್ತು. ಆದರೂ ಅವನು ಏಳಲಿಲ್ಲ.

"ಕ್ಷಮಿಸಿ ನೋರೀನ್. ಹತ್ತು ನಿಮಿಷ ಇಲ್ಲಿ ಕೂತ್ರೆ ನಿಮ್ಮ ದನಿ ಕೇಳಿಸಬಹುದು ಅಂದ್ಕೊಂಡಿದ್ದೆ. ಇಷ್ಟು ಜೋರಾಗಿ ಕೇಳಿಸುತ್ತೆ ಅಂತ ಗೊತ್ತಿರಲಿಲ್ಲ!"

ಲಿನೆಟ್‌ಗೆ ಮೈಯೆಲ್ಲ ಉರಿಯಿತು. ನೋರೀನ್ ಅಂತೆ, ನೋರೀನ್! ಬಸ್ಸಿನಲ್ಲಿ, ಮೀನಂಗಡಿಯಲ್ಲಿ, ಕಡೆಗೆ ಹಲ್ಲಿನ ಡಾಕ್ಟರ ಹತ್ತಿರವೂ ಅದೇ ಹೆಸರು.

ಅವಳ ತಪ್ಪೂ ಇಲ್ಲ, ಜನರ ತಪ್ಪೂ ಇಲ್ಲ. 'ಟ್ಯಾನರ್ಸ್ ರೋ' ಧಾರಾವಾಹಿಯಲ್ಲಿ ಒಂಬತ್ತನೇ ನಂಬರಿನ ಮನೆಯ ನೋರೀನ್ ಆಗಿ ಹನ್ನೊಂದು ವರ್ಷ ಬಾಳಿದವಳು ಲಿನೆಟ್ ಹಾರ್ಗ್ರೀವ್ಸ್. ಸ್ಯಾಲ್ಫರ್ಡ್ ಊರಿನ ಸ್ಟುಡಿಯೋ ಹಿತ್ತಲಲ್ಲಿ ಕಟ್ಟಿದ ಆ ಬೀದಿಯಲ್ಲಿ ಮನೆಗಳಿಗೆ ಮುಂಬಾಗಿಲು ಮಾತ್ರ ಉಂಟು. ಬಾಗಿಲು ತೆಗೆದರೆ ಹಿಂದೆ ಬರೀ ಹಲಗೆ, ವೈರು, ಗಾಳಿ. ಆದರೆ ಆ ಕಲ್ಲಿನ ಮೆಟ್ಟಿಲು ಮಾತ್ರ ಅಸಲಿ. ಅದರ ಮೇಲೆ ಕೂತು ಅವಳು ಎರಡು ಮದುವೆ ಮುರಿದುಕೊಂಡಿದ್ದಳು, ಒಬ್ಬ ಅಕ್ಕನನ್ನು ಕಳೆದುಕೊಂಡಿದ್ದಳು. ಇಡೀ ದೇಶ ಟೀ ಕುಡಿಯುತ್ತಾ ಅವಳ ಜೊತೆ ಅತ್ತಿತ್ತು!

ಆಮೇಲೊಂದು ದಿನ ಕಥೆಯಲ್ಲಿ ನೋರೀನ್‌ಳನ್ನು ಟ್ಯಾಕ್ಸಿ ಹತ್ತಿಸಿ ಕಳಿಸಿಬಿಟ್ಟರು. ಲಿನೆಟ್ ಕೂಡ ಮನೆ ಸೇರಿದಳು. ಆಗಿನಿಂದ ಅವಳಿಗೆ ಸಿಕ್ಕಿದ್ದು ಓಲ್ಡಮ್‌ನ ಕ್ರಿಸ್‌ಮಸ್ ನಾಟಕದಲ್ಲಿ ಮಾಟಗಾತಿ ಪಾತ್ರ ಒಂದೇ.

"ನೀವು ಯಾರು?" ಎಂದಳು ಸಿಡುಕಿನಿಂದ.

"ಡೆಕ್ಲನ್ ಮೋರನ್. 'ದೀಪ ಆರಿದ ಮೇಲೆ' ಬರೀತಿರೋನು ನಾನೇ."

ಲಿನೆಟ್‌ಳ ಸಿಡುಕು ಇಳಿಯಿತು. ಅವಳನ್ನು ವಾಪಸ್ ಕರೆಸಿದ್ದೇ ಆ ಹೊಸ ಕಥೆ. 'ಟ್ಯಾನರ್ಸ್ ರೋ'ದ ಕವಲು ಅದು. ಮಕ್ಕಳೆಲ್ಲ ಮಲಗಿದ ಮೇಲೆ, ತಡರಾತ್ರಿ ಮಾತ್ರ ತೋರಿಸುವ ಐದು ಕಂತು. ಸಂಜೆ ಹೊತ್ತಿನ ನೋರೀನ್ 'ಅಯ್ಯೋ ದೇವರೇ' ಅನ್ನುವುದಕ್ಕೂ ಯೋಚಿಸಬೇಕಿತ್ತು. ತಡರಾತ್ರಿಯ ನೋರೀನ್ ಕುಡಿಯಬಹುದು, ಬೈಯಬಹುದು, ಬೇಕಾದವನಿಗೆ ಮುತ್ತಿಡಬಹುದು. ಬೇಸಿಗೆ ರಜೆಗೆ ಮೂಲ ಧಾರಾವಾಹಿಯವರು ಬೀದಿ ಖಾಲಿ ಮಾಡುತ್ತಿದ್ದಂತೆ ಇವರು ಅದನ್ನು ಎರವಲು ಪಡೆದಿದ್ದರು.

"ಒಂದು ಮಾತು ಕೊಡ್ತೀರಾ?" ಲಿನೆಟ್‌ಳ ದನಿ ತಟ್ಟನೆ ತಗ್ಗಿತು. "ನೋರೀನ್‌ಳನ್ನ ಸಾಯಿಸಬೇಡಿ."

ಡೆಕ್ಲನ್ ನಗಲಿಲ್ಲ. ಧಾರಾವಾಹಿ ಮಂದಿಗೆ ಅದು ಗೊತ್ತಿರುವ ಶಾಸ್ತ್ರವೇ. ಟ್ಯಾಕ್ಸಿಯಲ್ಲಿ ಹೋದವರು ವಾಪಸ್ ಬರಬಹುದು, ಶವಪೆಟ್ಟಿಗೆಯಲ್ಲಿ ಹೋದವರು ಬರುವ ಹಾಗಿಲ್ಲ. ಈ ಐದು ಕಂತು ಗೆದ್ದರೆ ನೋರೀನ್ ಮೂಲ ಧಾರಾವಾಹಿಗೇ ಮರಳುತ್ತಾಳೆ ಎಂದು ನಿರ್ಮಾಪಕಿ ಮಾರ್ಗೋ ಆಸೆ ತೋರಿಸಿದ್ದಳು. ಲಿನೆಟ್ ಆ ಆಸೆಯ ಮೇಲೆಯೇ ಉಸಿರು ಹಿಡಿದಿದ್ದಳು.

"ಮಾತು ಕೊಟ್ಟೆ," ಎಂದ ಅವನು. "ಕೊನೇ ದೃಶ್ಯದಲ್ಲಿ ನಿಮಗೊಂದು ಟ್ಯಾಕ್ಸಿ ಬರುತ್ತೆ. ಈಗ ನನ್ನ ಸಾಸೇಜ್ ರೋಲ್‌ಗೆ ಯಾರು ಜವಾಬ್ದಾರಿ?"

ಅವಳಿಗೆ ನಗು ತಡೆಯಲಾಗಲಿಲ್ಲ.

*

ಚಿತ್ರೀಕರಣ ಶುರುವಾಯಿತು. ಜೊತೆಗೆ ಜಗಳವೂ!

"ನೋರೀನ್ ಹೀಗೆ ಸಾರಿ ಕೇಳೋಳಲ್ಲ ರೀ! ಅವಳಿಗೆ ತಪ್ಪಾಯ್ತು ಅನ್ನಿಸಿದ್ರೆ ಟೀ ಮಾಡಿ ಕೊಡ್ತಾಳೆ, ಅಷ್ಟೇ."

"ಸಕ್ಕರೆ ಎಷ್ಟು?"

"ಕೋಪ ಇದ್ರೆ ಹಾಕಲ್ಲ."

ಡೆಕ್ಲನ್ ಅಲ್ಲೇ ಗೋಡೆಗೆ ಒರಗಿ ಸಾಲು ತಿದ್ದುತ್ತಿದ್ದ. ಮರುದಿನ ಕ್ಯಾಂಟೀನ್‌ನಲ್ಲಿ ಅವಳ ಮುಂದೆ ಅವನೊಂದು ಟೀ ತಂದಿಟ್ಟ. ಸಕ್ಕರೆ ಧಾರಾಳವಾಗಿತ್ತು. ಅವಳು ಕೊನೆಯ ಗುಟುಕಿನವರೆಗೂ ಕುಡಿದಳು.

ಇವನ ಕಣ್ಣಲ್ಲಿ ಏನಿದೆ? ನನ್ನನ್ನು ನೋಡುತ್ತಾನೋ, ನೋರೀನ್‌ಳನ್ನು ನೋಡುತ್ತಾನೋ? ಆ ಪ್ರಶ್ನೆ ಅವಳನ್ನು ಕಾಡುತ್ತಲೇ ಇತ್ತು. ಅವನು ಅವಳನ್ನು ಒಮ್ಮೆಯೂ ಲಿನೆಟ್ ಎಂದು ಕರೆದಿರಲಿಲ್ಲ.

ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಒಂದೇ ಪೊಟ್ಟಣದಿಂದ ಚಿಪ್ಸ್ ತಿನ್ನುತ್ತಿದ್ದಾಗ ಅವಳು ಬಾಯಿಬಿಟ್ಟಳು.

"ನೋರೀನ್ ಇಲ್ಲದ ಮೇಲೆ ಜನ ನನ್ನನ್ನ ನೋಡ್ತಾರೆ... ಆದ್ರೆ ನಾನು ಯಾರು ಅಂತ ಅವರಿಗೂ ಗೊತ್ತಾಗಲ್ಲ, ನನಗೂ ಗೊತ್ತಾಗಲ್ಲ. ನಗಬೇಡಿ."

ಅವನು ನಗಲಿಲ್ಲ. ಅವಳ ಬೆರಳಿಗಂಟಿದ ಉಪ್ಪನ್ನು ತನ್ನ ಕರವಸ್ತ್ರದಿಂದ ಮೆಲ್ಲಗೆ ಒರೆಸಿದ. ಲಿನೆಟ್‌ಳ ಎದೆ ಹೊಡೆದುಕೊಂಡ ಸದ್ದು ಅವಳಿಗೇ ಕೇಳಿಸಿತು. ನಲವತ್ತು ದಾಟಿದ ಹೆಂಗಸಿಗೆ ಹೀಗೆಲ್ಲ ಆಗಬಾರದು ಎಂದು ತನ್ನನ್ನೇ ಬೈದುಕೊಂಡಳು. ಬೈದರೆ ಕೇಳುವ ಎದೆ ಅದಲ್ಲ!

*

ಕೊನೆಯ ವಾರ ಗುಲಾಬಿ ಹಾಳೆಗಳು ಬಂದವು.

ಕಥೆ ಬದಲಾದಾಗ ತಿದ್ದಿದ ಪುಟಗಳನ್ನು ಬಣ್ಣದ ಕಾಗದದಲ್ಲಿ ಹಂಚುವುದು ಅಲ್ಲಿನ ರೂಢಿ. ಹಳೆಯ ಕಲಾವಿದರು ಯಾರೂ ಅದನ್ನು ಮೊದಲಿನಿಂದ ಓದುವುದಿಲ್ಲ. ಕೊನೆಯ ಪುಟ ತೆರೆದು, ತಾನು ಬದುಕಿದ್ದೇನೆಯೇ ಎಂದು ನೋಡಿಕೊಂಡ ಮೇಲೆಯೇ ಉಳಿದ ಮಾತು. ಲಿನೆಟ್ ಕೂಡ ನಿಂತಲ್ಲೇ ಕೊನೆಯ ಪುಟ ತೆರೆದಳು.

'ಬೆಳಗಿನ ಜಾವ. ನೋರೀನ್ ಮೆಟ್ಟಿಲ ಮೇಲೆ ಕುಸಿಯುತ್ತಾಳೆ. ಉಸಿರು ನಿಂತಿದೆ.'

ಟ್ಯಾಕ್ಸಿ ಇರಲಿಲ್ಲ. ಕೆಳಗೆ ಡೆಕ್ಲನ್ ಮೋರನ್ ಎಂಬ ಹೆಸರಿತ್ತು.

ಅವಳು ಅವನನ್ನು ಹುಡುಕಿಕೊಂಡು ಓಡಿದಳು. ಅವನು ಬೀದಿಯ ತುದಿಯಲ್ಲಿ ಮಾರ್ಗೋ ಜೊತೆ ನಿಂತಿದ್ದ. ಲಿನೆಟ್ ಬರುವುದನ್ನು ಕಂಡು ಮಾರ್ಗೋ ಮೆಲ್ಲಗೆ ಜಾರಿಕೊಂಡಳು.

"ಇದನ್ನ ಬರೆದಿದ್ದು ನೀವಾ? ಅಥವಾ ಬೇರೆ ಯಾರಾದ್ರೂ ನಿಮ್ಮ ಹೆಸರು ಹಾಕಿದ್ರಾ?" ಇಲ್ಲ ಅನ್ನು... ದಯವಿಟ್ಟು ಇಲ್ಲ ಅನ್ನು, ಎಂದು ಅವಳ ಜೀವ ಬೇಡುತ್ತಿತ್ತು.

"ನಾನೇ ಬರೆದೆ." ಅವನ ಮುಖ ಬಿಳಿಚಿಕೊಂಡಿತ್ತು. "ಅದಕ್ಕೊಂದು ಕಾರಣ ಇದೆ, ನೋರೀನ್..."

"ಆ ಹೆಸರು ಹೇಳಬೇಡಿ! ಸಾಯಿಸಿದವರ ಬಾಯಲ್ಲಿ ಆ ಹೆಸರು ಬೇಡ!"

"ಸ್ವಲ್ಪ ಕೇಳಿ..."

"ಚಿಪ್ಸ್ ತಿನ್ನುವಾಗ ಕೇಳಿದ್ದೇ ಸಾಕು. ನನ್ನ ಮನಸ್ಸಲ್ಲಿದ್ದದ್ದನ್ನೆಲ್ಲ ಕಕ್ಕಿಸಿಕೊಂಡಿರಿ. ಯಾಕೆ, ಕಥೆಗೆ ಸರಕು ಬೇಕಿತ್ತಾ?"

ಡೆಕ್ಲನ್ ಅವಳತ್ತ ಒಂದು ಹೆಜ್ಜೆಯಿಟ್ಟು ನಿಂತುಬಿಟ್ಟ. ಅವಳು ತಿರುಗಿ ಹೊರಟುಹೋದಳು. ಕಣ್ಣೀರನ್ನು ಸ್ಟುಡಿಯೋ ಗೇಟು ದಾಟುವವರೆಗೂ ಹಿಡಿದಿಟ್ಟಳು. ಗೇಟಿನ ಕಾವಲುಗಾರ ಎಂದಿನಂತೆ ಕೈಬೀಸಿದ.

"ನಾಳೆ ಸಿಗೋಣ, ನೋರೀನ್!"

ಅಲ್ಲಿಗೆ ಕಟ್ಟೆಯೊಡೆಯಿತು.

*

ಕೊನೆಯ ಚಿತ್ರೀಕರಣದ ದಿನ, ಬೆಳಕು ಹರಿಯುವ ಮುಂಚೆಯೇ ಲಿನೆಟ್ ಉಡುಪಿನ ಕೋಣೆಗೆ ಬಂದಳು. ಅಲ್ಲಿದ್ದವಳು ಮೇವಿಸ್. ನೋರೀನ್‌ಳ ಗುಂಡಿ ಕಿತ್ತುಬಂದಾಗಲೆಲ್ಲ ಹೊಲಿದುಕೊಟ್ಟ ಹಳೆಯ ಗೆಳತಿ.

"ಬಾರೇ, ಕೋಟು ಹಾಕ್ಕೋ. ಬೇಸಿಗೆ ಅಂದ್ರೂ ಹೊರಗೆ ಬೆಳಗಿನ ಚಳಿ ಕೊರೀತಿದೆ."

ಚಿರತೆ ಚುಕ್ಕೆಯ ಕೋಟು! ನೋರೀನ್ ಟ್ಯಾಕ್ಸಿ ಹತ್ತಿದಾಗ ತೊಟ್ಟಿದ್ದು ಅದನ್ನೇ. ಈ ದೃಶ್ಯಕ್ಕೆಂದೇ ಅದನ್ನು ಪೆಟ್ಟಿಗೆಯಿಂದ ತೆಗೆಸಿದ್ದೇವೆ ಎಂದಿದ್ದರು. ಲಿನೆಟ್ ತೋಳು ತೂರಿಸಿದಳು. ಗುಂಡಿಗೂ ಕಾಜಕ್ಕೂ ನಡುವೆ ಒಂದು ಗೇಣು ಅಂತರ.

"ನಾನೇನು ದಪ್ಪ ಆಗಿಲ್ಲ ಮೇವಿಸ್! ಈ ವಾರ ಗಂಟಲಲ್ಲಿ ಅನ್ನ ಇಳಿದಿದ್ರೆ ತಾನೇ..."

ಅವಳು ಒಳಗಿನ ಹೊಲಿಗೆ ತಿರುವಿ ನೋಡಿದಳು. ಸೊಂಟದ ಎರಡೂ ಕಡೆ ಬಟ್ಟೆ ಹಿಡಿಸಿ ಹೊಸ ದಾರದಲ್ಲಿ ಹೊಲಿದಿತ್ತು. ಮೇವಿಸ್ ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

"ಅಯ್ಯೋ... ಬಿಚ್ಚೋದು ಮರೆತೇಹೋಯ್ತಲ್ಲೇ!"

"ಯಾರಿಗೆ ಹಿಡಿಸಿದ್ದೆ?"

"ಕೇಳಬೇಡ ಕಣೇ. ಮಾರ್ಗೋ ನನ್ನ ಚರ್ಮ ಸುಲೀತಾಳೆ."

"ಮೇವಿಸ್. ಯಾರಿಗೆ?"

ಮೇವಿಸ್ ಕುರ್ಚಿಯಲ್ಲಿ ಕುಸಿದು ಕೂತಳು. "ಒಂದು ಹುಡುಗಿ. ಕಡ್ಡಿ ಹಾಗಿದ್ದಾಳೆ, ಇಪ್ಪತ್ತೆಂಟೋ ಮೂವತ್ತೋ. ನಿನ್ನ ಕೋಟು, ನಿನ್ನದೇ ಥರದ ಕೆಂಪು ಕೂದಲಿನ ವಿಗ್ಗು ಹಾಕಿಸಿ ಫೋಟೋ ತೆಗೆದ್ರು. ಕಥೆ ಬದಲಾಗೋ ಮುಂಚಿನ ಲೆಕ್ಕದಲ್ಲಿ ನೀನು ಟ್ಯಾಕ್ಸಿ ಹತ್ತಿ ಹೋಗ್ತೀಯ, ಚಳಿಗಾಲಕ್ಕೆ ಅದೇ ಟ್ಯಾಕ್ಸಿಯಿಂದ ಇಳಿಯೋಳು ಅವಳು. ಹೊಸ ಮುಖ, ಹಳೇ ನೋರೀನ್!"

ಲಿನೆಟ್ ಕೋಟು ಕಳಚಿ ಮೇವಿಸ್ ಮಡಿಲಿಗೆ ಹಾಕಿದಳು. ಬೇರೆ ಪಾತ್ರಗಳಿಗೆ ಹೀಗೆ ತಲೆ ಬದಲಾಯಿಸಿದ್ದನ್ನು ಅವಳೇ ಕಂಡಿದ್ದಳು. ಒಂದು ವಾರ ಜನ ಗೊಣಗುತ್ತಾರೆ. ಆಮೇಲೆ ಹಳೆಯ ಮುಖವನ್ನೇ ಮರೆಯುತ್ತಾರೆ.

"ಡೆಕ್ಲನ್‌ಗೆ ಇದು ಗೊತ್ತಾ?"

"ಆ ಫೋಟೋ ನೋಡಿದ ದಿನವೇ ಮಾರ್ಗೋ ಹತ್ರ ಜಗಳ ಆಡಿದ. ಈ ಗೋಡೆಯ ಆಚೆನೇ, ಎಲ್ಲಾ ಕೇಳಿಸ್ತು. ನೋರೀನ್ ಸತ್ರೆ ಪೇಪರ್‌ಗಳ ಮುಖಪುಟದಲ್ಲಿ ಬರುತ್ತೆ, ದೇಶವೇ ಎದ್ದು ಕೂತು ನೋಡುತ್ತೆ ಅಂತ ಅವಳ ತಲೆಗೆ ತುಂಬಿಸಿದ. ಮಾರ್ಗೋ ಬಲೆಗೆ ಬಿದ್ದಳು. ಸತ್ತೋಳ ಪಾತ್ರಕ್ಕೆ ಇನ್ನೊಬ್ಬಳು ಬರೋ ಹಾಗಿಲ್ಲ ನೋಡು. ಮೂಲ ಧಾರಾವಾಹಿಗೆ ಆ ಹುಡುಗಿಯ ಕಥೆ ಬರೆಯೋ ಕೆಲಸ ಅವನಿಗೇ ಸಿಗಬೇಕಿತ್ತು, ಗೊತ್ತಾ? ಅದನ್ನೂ ಕಳಕೊಂಡ ಮಾರಾಯ."

ಮೇವಿಸ್ ಕತ್ತರಿ ಹಿಡಿದು ಹೊಲಿಗೆ ಬಿಚ್ಚತೊಡಗಿದಳು. ಲಿನೆಟ್ ಅಲುಗಾಡದೆ ನಿಂತಿದ್ದಳು. ಹಾಗಾದರೆ ಅವನು ನನ್ನನ್ನು ಮಾರಿಕೊಳ್ಳಲಿಲ್ಲ... ಎಂಬ ಸಂತೋಷ ಒಂದು ಕಡೆ. ಅದರ ಬೆನ್ನಿಗೇ ಕೆಂಡದಂಥ ಸಿಟ್ಟು!

*

ಡೆಕ್ಲನ್ ಮೆಟ್ಟಿಲ ಪಕ್ಕದಲ್ಲಿ ನಿಂತಿದ್ದ. ಅವಳನ್ನು ಕಂಡು ದೂರ ಸರಿಯಲು ಹೊರಟ.

"ನಿಲ್ಲಿ," ಎಂದಳು. "ಕೋಟಿನ ವಿಷಯ ಗೊತ್ತಾಯ್ತು."

ಅವನು ತಲೆ ತಗ್ಗಿಸಿದ. "ನಿಮ್ಮ ನಗು, ನಿಮ್ಮ ಬೈಗುಳ, ನೀವು ಮಾಡೋ ಸಕ್ಕರೆ ಇಲ್ಲದ ಟೀ... ಅದನ್ನೆಲ್ಲ ಇನ್ನೊಬ್ಬಳ ಬಾಯಿಗೆ ಬರೆದುಕೊಡೋದು ನನ್ನಿಂದ ಆಗ್ತಿರಲಿಲ್ಲ."

"ಅದಕ್ಕೆ ಸಾಯಿಸಿಬಿಟ್ರಿ. ನನ್ನನ್ನ ಒಂದು ಮಾತೂ ಕೇಳದೆ!"

"ಕೇಳಿದ್ರೆ ಬೇಡ ಅಂತಿದ್ರಿ."

"ಅಂತಿದ್ದೆ! ಕೂಗಾಡ್ತಿದ್ದೆ, ಕಪ್ಪು ಒಡೀತಿದ್ದೆ. ಒಂದು ರಾತ್ರಿಯೆಲ್ಲ ಅತ್ತು, ಬೆಳಿಗ್ಗೆ ನಾನೇ ಹೂಂ ಅಂತಿದ್ದೆ. ಆ ಹೂಂ ನನ್ನದಾಗಿರಬೇಕಿತ್ತು, ಡೆಕ್ಲನ್. ಮಾರ್ಗೋ ನನ್ನ ಬೆನ್ನ ಹಿಂದೆ ಮಾಡಿದ್ದನ್ನೇ ನೀವೂ ಮಾಡಿದ್ರಿ."

ಅವನ ಕಣ್ಣು ತುಂಬಿತು. "ಹೌದು. ಆವತ್ತು ಹೇಳೋಕೆ ಬಂದಾಗ ನಿಮ್ಮ ಮುಖ ನೋಡಿ ಧೈರ್ಯ ಸಾಲಲಿಲ್ಲ. ನನ್ನದು ತಪ್ಪು." ಅವನು ಒಮ್ಮೆ ಉಸಿರೆಳೆದುಕೊಂಡ. "ಈಗ ಕೇಳ್ತಿದ್ದೀನಿ. ಬೇಡ ಅಂದ್ರೆ ಮಾರ್ಗೋ ಮುಂದೆಯೇ ಈ ಪುಟ ಹರಿದುಹಾಕ್ತೀನಿ. ಟ್ಯಾಕ್ಸಿ ಕರೆಸ್ತೀನಿ. ಆಮೇಲೆ ಅದರಿಂದ ಯಾರೇ ಇಳಿಯಲಿ, ನಿರ್ಧಾರ ನಿಮ್ಮದು."

ಕ್ಯಾಮೆರಾದವರು ಕೈಕಟ್ಟಿ ಕಾಯುತ್ತಿದ್ದರು. ಆಚೆ ಮಾರ್ಗೋ ಗಡಿಯಾರ ನೋಡಿಕೊಳ್ಳುತ್ತಿದ್ದಳು. ಲಿನೆಟ್ ಮೆಟ್ಟಿಲ ಮೇಲೆ ಕೂತು ಅದರ ಸವೆದ ಅಂಚನ್ನು ಅಂಗೈಯಿಂದ ಸವರಿದಳು. ಇವಳನ್ನು ಬಿಟ್ಟು ನಾನು ಯಾರು? ಅದಕ್ಕೆ ಉತ್ತರ ಈಗಲೂ ಇರಲಿಲ್ಲ. ಆದರೆ ಇವಳನ್ನು ಇನ್ನೊಬ್ಬಳ ಸೊಂಟಕ್ಕೆ ಹೊಲಿಯಲು ಬಿಡುವವಳು ತಾನಲ್ಲ ಎನ್ನುವುದು ಖಚಿತವಾಗಿ ಗೊತ್ತಿತ್ತು.

"ಅವಳು ಕುಸಿದು ಬೀಳೋದು ಬೇಡ," ಎಂದಳು ಕೊನೆಗೆ. "ನೋರೀನ್ ಯಾರ ಮುಂದೆಯೂ ಬಿದ್ದವಳಲ್ಲ. ಕೂತಿರ್ತಾಳೆ. ಹಾಲಿನ ಬಾಟಲಿ ಪಕ್ಕದಲ್ಲಿರಲಿ. ಬಿಸಿಲು ಕಾಲಿಗೆ ತಾಗಿದಾಗ ಚಪ್ಪಲಿ ಬಿಡ್ತಾಳೆ. ಅಷ್ಟೇ."

"ಹಾಗಾದ್ರೆ...?"

"ಹೂಂ. ಇದು ನನ್ನ ಹೂಂ."

ಒಂದೇ ಸಲಕ್ಕೆ ದೃಶ್ಯ ಮುಗಿಯಿತು. ನೋರೀನ್ ಚಪ್ಪಲಿ ಬಿಟ್ಟಳು, ಬಾಗಿಲಿಗೆ ತಲೆಯಾನಿಸಿದಳು, ಬೀದಿಯನ್ನು ಕಣ್ತುಂಬ ನೋಡಿದಳು... ಆ ನೋಟ ಅಲ್ಲೇ ನಿಂತಿತು. 'ಕಟ್' ಎಂಬ ಕೂಗು ಬಂತು. ಮೇವಿಸ್, ಸೆರಗಿಲ್ಲದ ಹೆಂಗಸು ಪಾಪ, ತನ್ನ ಅಳತೆಪಟ್ಟಿಯಲ್ಲೇ ಕಣ್ಣೊರೆಸಿಕೊಂಡಳು.

ದೀಪ, ವೈರು ಎಲ್ಲ ಎತ್ತಿಕೊಂಡು ಜನ ಹೊರಟರು. ಲಿನೆಟ್ ಮಾತ್ರ ಏಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಪಕ್ಕದಲ್ಲಿ ಯಾರೋ ಟೀ ಕಪ್ಪು ಇಟ್ಟರು. ಅವಳು ಒಂದು ಗುಟುಕು ಕುಡಿದು ಮುಖ ಕಿವಿಚಿದಳು.

"ಸಕ್ಕರೆ ಇಲ್ಲ!"

"ನಿಮಗಿನ್ನೂ ಕೋಪ ಇರಬಹುದು ಅಂತ."

"ಇದೆ." ಅವಳು ಕೋಟಿನ ಚುಂಗು ಎಳೆದುಕೊಂಡು ಪಕ್ಕಕ್ಕೆ ಸರಿದು ಜಾಗ ಮಾಡಿದಳು. "ಕೂತ್ಕೊಳ್ಳಿ. ಇದು ಇನ್ಮೇಲೆ ನನ್ನ ಮೆಟ್ಟಿಲೂ ಅಲ್ಲ."

ಅವನು ಕೂತ.

"ನಿನ್ನನ್ನ ಪ್ರೀತಿಸ್ತೀನಿ," ಎಂದ ಅವನು, ನೆಲ ನೋಡುತ್ತಾ. "ಇದನ್ನ ಯಾವ ಬಣ್ಣದ ಹಾಳೆಯಲ್ಲೂ ಬರೆಯೋಕೆ ಆಗಲಿಲ್ಲ. ಲಿನೆಟ್..."

ಅವಳು ಗಕ್ಕನೆ ತಿರುಗಿದಳು.

"ಏನಂದೆ?"

"ಪ್ರೀತಿಸ್ತೀನಿ ಅಂದೆ."

"ಅದಲ್ಲ, ಅದಾದ ಮೇಲೆ."

"ಲಿನೆಟ್."

"ಇನ್ನೊಂದು ಸಲ ಹೇಳು," ಎಂದಳು. ಅವಳ ಕೆನ್ನೆ ಒದ್ದೆಯಾಗಿತ್ತು, ತುಟಿ ನಗುತ್ತಿತ್ತು. ಅವನು ಮತ್ತೊಮ್ಮೆ ಹೇಳಿದ. ಆಮೇಲೆ ಅವಳು ಅವನ ಕೈಯನ್ನು ಕೋಟಿನ ಜೇಬಿನೊಳಗೆ ಎಳೆದುಕೊಂಡಳು.

"ಡೆಕ್ಲನ್, ಮಾತು ಕೊಟ್ಟಿದ್ದೆಯಲ್ಲ. ಎಲ್ಲಿ ನನ್ನ ಟ್ಯಾಕ್ಸಿ?"

"ಗೇಟಿನ ಹತ್ರ ನಿಂತಿದೆ. ಬೆಳಿಗ್ಗೆಯೇ ಹೇಳಿಟ್ಟಿದ್ದೆ. ನೀನು ಒಬ್ಬಳೇ ಹೋಗ್ತೀಯೇನೋ ಅಂತ..."

"ದಡ್ಡ," ಎಂದಳು ಲಿನೆಟ್, ಚಪ್ಪಲಿ ಮೆಟ್ಟುತ್ತಾ. "ಏಳು. ಇಬ್ಬರೂ ಹೋಗೋಣ."