ನಿಮಿಷಕ್ಕೆ ಒಂದೇ ಡಿಗ್ರಿ

"ಫರ್ನೇಸ್ ಬಾಗಿಲು ತೆಗೆದಿದ್ದು ಯಾರು?"

ಗೌತಮಿ ಲ್ಯಾಬಿನ ಬಾಗಿಲಲ್ಲೇ ನಿಂತು ಕೇಳಿದಳು.

ಇಕ್ಕಳ ಹಿಡಿದು ನಿಂತಿದ್ದ ಯುವಕ ತಿರುಗಿ ನೋಡಿದ. ಅವನ ಮುಂದೆ ಇಟ್ಟಿಗೆಯ ಮೇಲೆ ಮೂಸೆ ಇನ್ನೂ ಕೆಂಪಗಿತ್ತು.

"ನಾನೇ. ಯಾರೋ ಆಫ್ ಮಾಡೋದು ಮರೆತಿದಾರೆ ಅಂದ್ಕೊಂಡೆ. ಏಳ್ನೂರು ಡಿಗ್ರಿ ತೋರಿಸ್ತಿತ್ತು."

"ಮರೆತಿರಲಿಲ್ಲ. ನಿಮಿಷಕ್ಕೆ ಒಂದೇ ಡಿಗ್ರಿ ಇಳೀಲಿ ಅಂತ ಇಟ್ಟಿದ್ದೆ. ಇಡೀ ದಿನ ಕರೆಂಟ್ ಇರೋ ಒಂದು ದಿನಕ್ಕೆ ಎರಡು ವಾರ ಕಾದಿದೀನಿ ರೀ..."

ಕಣ್ಣು ತುಂಬಿತು. ಗುರುತಿಲ್ಲದವನ ಎದುರು ಅಳಬಾರದೆಂದು ಅವಳು ಕಿಟಕಿಯತ್ತ ತಿರುಗಿಕೊಂಡಳು.

ಚಿಕ್ಕಬಳ್ಳಾಪುರ ಹೊಸ ಜಿಲ್ಲೆಯಾದ ವರ್ಷ ಅದು, 2007. ಅಲ್ಲಿನ ಕಾಲೇಜೊಂದರಲ್ಲಿ ಗೌತಮಿ ಭೌತಶಾಸ್ತ್ರದ ಅತಿಥಿ ಉಪನ್ಯಾಸಕಿ. ಜೊತೆಗೇ ಪಿಎಚ್‌ಡಿ ಮಾಡುತ್ತಿದ್ದಳು. ಶಿಡ್ಲಘಟ್ಟದಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದಳು. ಅಂಚೆ ಪೇದೆ ಬಯ್ಯಪ್ಪನ ಈ ಮಗಳು ಅವರ ಕಾಲೋನಿಯಲ್ಲಿ ಎಂಎಸ್ಸಿ ಓದಿದ ಮೊದಲ ಹುಡುಗಿ. ಯುವಕನ ಹೆಸರು ಹರಿಕೃಷ್ಣ. ಚಿಂತಾಮಣಿ ಕಡೆಯ ದೊಡ್ಡ ಜಮೀನಿನ ಮನೆಯವನು. ಅಂದು ತಾನೇ ಕಾಯಂ ಹುದ್ದೆಗೆ ಸೇರಿದ್ದ.

ಮರುದಿನ ಅವನೇ ಬಂದು ಕೇಳಿದ. "ನಾನು ಹಾಳು ಮಾಡಿದ್ದು ಏನು ಅಂತ ಹೇಳಿಕೊಡ್ತೀರಾ?"

ಅವನ ಮುಖದಲ್ಲಿ ನಿಜವಾದ ಸಂಕಟವಿತ್ತು. ಗೌತಮಿ ಮೂಸೆಯಿಂದ ಕಪ್ಪು ಬಿಲ್ಲೆಯನ್ನು ತೆಗೆದು ತೋರಿಸಿದಳು.

"ಇದು ಪೆರೋವ್‌ಸ್ಕೈಟ್ ಸೆರಾಮಿಕ್. ಒಳಗೆ ಪರಮಾಣುಗಳು ಪದರ ಪದರವಾಗಿ ಕೂತಿರ್ತವೆ. ಬೇರಿಯಂನದೊಂದು ಪದರ, ಗ್ಯಾಡೊಲಿನಿಯಂನದೊಂದು. ನಡುನಡುವೆ ಆಕ್ಸಿಜನ್ ಇಲ್ಲದ ಖಾಲಿ ಜಾಗ ಇರ್ತವೆ. ನಿಧಾನಕ್ಕೆ ತಣಿಸಿದ್ರೆ ಆ ಖಾಲಿ ಜಾಗಗಳು ಸಾಲಾಗಿ ನಿಲ್ತವೆ ಅಂತ ನನ್ನ ಲೆಕ್ಕ. ಥಟ್ಟನೆ ಹೊರಗೆ ತೆಗೆದ್ರೆ ಚೆಲ್ಲಾಪಿಲ್ಲಿ."

ಹೇಳುತ್ತ ಹೇಳುತ್ತ ಅವಳಿಗೇ ಏನೋ ಹೊಳೆಯಿತು.

"ಇದನ್ನ ಎಸೆಯಲ್ಲ. ಇನ್ನೊಂದು ಬಿಲ್ಲೆ ನಿಧಾನಕ್ಕೆ ತಣಿಸ್ತೀನಿ. ಎರಡನ್ನೂ ಎಕ್ಸ್-ರೇಗೆ ಕಳ್ಸಣ."

ಬಿಲ್ಲೆಗಳನ್ನು ಬೆಂಗಳೂರಿಗೆ ಒಯ್ದವನು ಹರಿಕೃಷ್ಣ. ನಿಧಾನವಾಗಿ ತಣಿದ ಬಿಲ್ಲೆಯ ಗ್ರಾಫಿನಲ್ಲಿ ದೊಡ್ಡ ಗೆರೆಗಳ ನಡುವೆ ಪುಟ್ಟ ಪುಟ್ಟ ಗೆರೆಗಳು ಎದ್ದಿದ್ದವು. ಅವನು ಕೆಡಿಸಿದ ಬಿಲ್ಲೆಯಲ್ಲಿ ಅವು ಒಂದೂ ಇರಲಿಲ್ಲ. ಖಾಲಿ ಜಾಗಗಳು ಸಾಲಾಗಿ ನಿಂತದ್ದರ ಗುರುತು ಅವು; ಅವಳ ಲೆಕ್ಕ ಸರಿಯಾಗಿತ್ತು.

ಗೌತಮಿ ಆ ಹಾಳೆಯನ್ನು ನೋಡುತ್ತಿದ್ದಳು. ಹರಿಕೃಷ್ಣ ಅವಳನ್ನು ನೋಡುತ್ತಿದ್ದ. ಅದು ಅವಳಿಗೆ ತಿಳಿಯಿತು, ತಿಳಿಯದವಳಂತೆ ಇದ್ದಳು.

ಸ್ನೇಹ ಬೆಳೆಯಿತು. ಮೂರು ತಿಂಗಳ ನಂತರ ಒಂದು ಭಾನುವಾರ ಅವನು ಅವಳನ್ನು ತನ್ನ ಮನೆಗೆ ಊಟಕ್ಕೆ ಕರೆದೊಯ್ದ. ಅವನ ತಾಯಿ ಅಮ್ಮಾಜಮ್ಮ ನಗುತ್ತಲೇ ಬರಮಾಡಿಕೊಂಡರು.

"ರಾ ಅಮ್ಮ, ಬಾ, ಕೂತ್ಕೋ. ನೀವು ಯಾರ ಪೈಕಿ?"

"ಎಸ್ಸಿ ಅಮ್ಮ. ಮನೇಲಿ ಬುದ್ಧನ ಫೋಟೊ ಇಟ್ಕೊಂಡಿದೀವಿ."

ಅಮ್ಮಾಜಮ್ಮನ ನಗು ಹಾಗೇ ನಿಂತಿತು. "ಊಟ ವರಾಂಡಕ್ಕೇ ಕಳಿಸ್ತೀನಿ" ಎಂದು ಒಳಗೆ ಹೋದರು.

ಗೌತಮಿ ಹರಿಕೃಷ್ಣನ ಮುಖ ನೋಡಿದಳು. ಏನಾದರೂ ಹೇಳು... ಒಂದೇ ಒಂದು ಮಾತು.

ಅವನು ತಲೆ ತಗ್ಗಿಸಿ ಕೂತಿದ್ದ. ಅವಳು ಊಟ ಮುಟ್ಟದೆ ಎದ್ದು ಒಬ್ಬಳೇ ಬಸ್ ಹತ್ತಿದಳು.

ಮುಂದಿನ ವಾರ ವಿಭಾಗದ ಮುಖ್ಯಸ್ಥ ವೆಂಕಟರವಣಪ್ಪ ಅವಳ ಕೈಗೆ ಒಂದು ಪುಸ್ತಿಕೆ ಕೊಟ್ಟರು. ವಿಜ್ಞಾನ ಸಮ್ಮೇಳನದ್ದು. ಅದರಲ್ಲಿ ಅವಳ ಸಂಶೋಧನೆ ಅಚ್ಚಾಗಿತ್ತು. ಕೆಳಗೆ ಇದ್ದದ್ದು ಎರಡೇ ಹೆಸರು, ವೆಂಕಟರವಣಪ್ಪ ಮತ್ತು ಹರಿಕೃಷ್ಣ.

"ಸರ್, ನನ್ನ ಹೆಸರು?"

"ಕಾಯಂ ಸ್ಟಾಫ್ ಹೆಸರು ಇದ್ರೆ ತೂಕ ಜಾಸ್ತಿ ಅಮ್ಮ. ಹರಿಕೃಷ್ಣನೂ ಒಪ್ಪಿದಾನೆ."

ಅವಳು ಅವನನ್ನು ಕೇಳಲೂ ಹೋಗಲಿಲ್ಲ. ಅಂದೇ ಕೆಲಸ ಬಿಟ್ಟಳು. ಗೌರಿಬಿದನೂರಿನ ಒಂದು ಹೈಸ್ಕೂಲಿಗೆ ಸೇರಿದಳು. ಅವನ ಫೋನ್ ಎತ್ತಲಿಲ್ಲ. ಮಕ್ಕಳಿಗೆ ಬೆಳಕಿನ ಪಾಠ ಮಾಡುವಾಗಲೂ ಆ ಪುಟ್ಟ ಗೆರೆಗಳು ಕಣ್ಣ ಮುಂದೆ ಬರುತ್ತಿದ್ದವು. ಅವು ತನ್ನವು ಎಂದು ಹೇಳಿದರೆ ನಂಬುವವರು ಯಾರಿದ್ದರು?

ಎರಡು ತಿಂಗಳ ಮೇಲೆ, ಶನಿವಾರ ಮಧ್ಯಾಹ್ನ ಸ್ಕೂಲು ಬಿಟ್ಟಾಗ ಗೇಟಿನ ಬಳಿ ಹರಿಕೃಷ್ಣ ನಿಂತಿದ್ದ. ಬಡವಾಗಿದ್ದ. ಒಂದು ಕಾಗದವನ್ನು ಅವಳ ಮುಂದೆ ಹಿಡಿದ.

ಸಮ್ಮೇಳನದವರ ಪತ್ರ. ತಿದ್ದುಪಡಿ ಅಚ್ಚಾಗಿತ್ತು. ಮೊದಲ ಹೆಸರು ಬಿ. ಗೌತಮಿ. ಹರಿಕೃಷ್ಣನ ಹೆಸರು ಎಲ್ಲೂ ಇರಲಿಲ್ಲ.

"ನೀವೂ ಒಪ್ಪಿದೀರಿ ಅಂತ ವೆಂಕಟರವಣಪ್ಪ ಸರ್ ಹೇಳಿದ್ರು," ಎಂದಳು ಗೌತಮಿ.

"ನನ್ನ ಕೇಳೇ ಇಲ್ಲ. ಲ್ಯಾಬಲ್ಲಿದ್ದ ನಿಮ್ಮ ನೋಟ್‌ಬುಕ್ಕಿನ ಜೆರಾಕ್ಸ್ ಇಟ್ಟು ಸಮ್ಮೇಳನದವರಿಗೆ ಬರೆದೆ. ಈಗ ನನ್ನ ಮೇಲೆ ಮೆಮೊ ಇದೆ, ಇರ್ಲಿ."

ಗೌತಮಿ ಕಾಗದವನ್ನು ಇನ್ನೊಮ್ಮೆ ಓದಿದಳು.

"ಸರ್ ಮಾತು ಯಾಕೆ ನಂಬಿದೆ ಗೊತ್ತಾ? ಅವತ್ತು ನಿಮ್ಮನೇಲಿ ಸುಮ್ನೆ ಕೂತಿದ್ರಲ್ಲ, ಅದಕ್ಕೆ."

"ಅದು ನಿಜ," ಎಂದ ಅವನು. "ಅದರಲ್ಲಿ ನಿಮ್ಮ ತಪ್ಪು ತಿಳುವಳಿಕೆ ಏನೂ ಇಲ್ಲ. ಅಮ್ಮನಿಗೆ ಹೆದರಿದೆ. ನೀವು ಬಸ್ ಹತ್ತಿದ ಮೇಲೆ ಬಾಯಿ ಬಂತು. ಗೌತಮಿ ಅವರನ್ನ ಒಳಗೆ ಕೂರಿಸಿ ಬಡಿಸೋವರೆಗೂ ನಾನೂ ಒಳಗೆ ಉಣ್ಣಲ್ಲ ಅಂದೆ."

"ಅಮ್ಮ ಏನಂದ್ರು?"

"ಇನ್ನೂ ಮಾತು ಬಿಟ್ಟಿದಾರೆ."

ಗೌತಮಿ ಬ್ಯಾಗನ್ನು ಹೆಗಲಿಗೇರಿಸಿಕೊಂಡಳು. ಇವನ ಮೇಲೆ ಇನ್ನೂ ಕೋಪವಿದೆ... ಆದರೂ ಹೋಗು ಅನ್ನಲು ಮನಸ್ಸಿಲ್ಲ.

"ನಿಮ್ಮನ್ನ ಪ್ರೀತಿಸ್ತೀನಿ ಗೌತಮಿ. ಮೊದಲೇ, ಎಲ್ಲರ ಮುಂದೆ ಹೇಳ್ಬೇಕಿತ್ತು. ಕ್ಷಮಿಸೋದು ಬಿಡೋದು ನಿಮಗೆ ಬಿಟ್ಟಿದ್ದು."

ಅವಳು ಕಾಗದ ಮಡಚಿ ಬ್ಯಾಗಿನಲ್ಲಿಟ್ಟಳು. "ನಾನೂ ನಿಮ್ಮನ್ನ ಮರೆಯೋಕೆ ಆಗಿಲ್ಲ. ಇದೇ ಮಾತು ನಮ್ಮಪ್ಪನ ಮುಂದೆ ಹೇಳ್ತೀರಾ?"

"ಇವತ್ತೇ ಹೇಳ್ತೀನಿ."

"ಅಪ್ಪ ಬೈದ್ರೆ?"

"ಬೈಸ್ಕೋತೀನಿ."

"ತಲೆ ತಗ್ಗಿಸಿ ಕೂರಬಾರದು."

"ಇಲ್ಲ ಕಣೇ."

ಇಷ್ಟು ದಿನದಲ್ಲಿ ಅವನು ಬಹುವಚನ ಬಿಟ್ಟದ್ದು ಇದೇ ಮೊದಲು. ಅವಳು ತಲೆಯೆತ್ತಿ ಅವನನ್ನು ನೋಡಿದಳು.

"ಏನಂದ್ರಿ?"

"ಬಾಯಿ ತಪ್ಪಿ ಬಂತು. ಬೇಜಾರಾಯ್ತಾ?"

"ಇಲ್ಲ," ಎಂದಳು ಗೌತಮಿ. ಅವಳ ಕಣ್ಣು ಒದ್ದೆಯಾಗಿತ್ತು. "ಹಾಗೇ ಕರೀರಿ."