ಘಮಘಮಿಸಿದ ಗವರ್ನರ್

ಪಾರ್ಲಿಮೆಂಟಿನಲ್ಲಿ ಸರ್ ಬಾರ್ನಬಿ ಕ್ವೆಲ್ಚ್ ಮಾತಿಗೆ ಎದ್ದು ನಿಂತರೆ ವಯಸ್ಸಾದವರು ನಿದ್ದೆಗೆ ಜಾರುತ್ತಿದ್ದರು, ಮಿಕ್ಕವರು ಊಟಕ್ಕೆ ಎದ್ದುಹೋಗುತ್ತಿದ್ದರು. ಅವನ ಬಾಯಿಗೆ ಬೇರೆ ಮದ್ದು ಕಾಣದೆ, ಕಡಲಾಚೆಯ ಸೇಂಟ್ ಓಸಿತ್ ದ್ವೀಪಕ್ಕೆ ಗವರ್ನರ್ ಮಾಡಿ ಹಡಗು ಹತ್ತಿಸಿದರು. ಮೇಲೆ ಹೂಮಾಲೆ ಬೇರೆ. ಅದು ಬಡ್ತಿಯಲ್ಲ, ಗಡೀಪಾರು ಎಂದು ಅವನಿಗೆ ಹೊಳೆಯುವಷ್ಟರಲ್ಲಿ ಆಮೆ ಸಾರು ಉಂಡುಂಡು ನಾಲಿಗೆಯೇ ಸತ್ತುಹೋಗಿತ್ತು. ವಾಪಸು ಕರೆಸಿಕೊಳ್ಳಿ ಎಂದು ಅಂಗಲಾಚಿದರೆ, ‘ನಿಮ್ಮಂಥವರು ಅಲ್ಲೇ ಬೇಕು’ ಎಂಬ ಉತ್ತರ.

ಹೀಗಿರುವಾಗ ಒಂದು ಬೆಳಗ್ಗೆ ಈಜಲು ಹೋದವನ ಕಾಲಿಗೆ ದಿಂಬಿನಷ್ಟು ದೊಡ್ಡ ಬೂದು ಗಟ್ಟಿಯೊಂದು ತಾಗಿತು. ಅಂಬರ್‌ಗ್ರಿಸ್! ತಿಮಿಂಗಿಲ ಕಕ್ಕಿದ್ದು; ಲಂಡನ್ನಿನ ಸುಗಂಧದ ವ್ಯಾಪಾರಿಗಳು ಅದಕ್ಕೆ ಚಿನ್ನ ತೂಗಿ ಕೊಡುತ್ತಿದ್ದರು. ಇಷ್ಟಿದ್ದರೆ ಒಂದು ಊರಿನ ವೋಟುಗಳನ್ನೆಲ್ಲ ಕೊಂಡು ಮತ್ತೆ ಪಾರ್ಲಿಮೆಂಟಿಗೆ ಹೋಗಬಹುದು.

ಆದರೆ ದ್ವೀಪದ ಅಂಬರ್‌ಗ್ರಿಸ್ ಅಲ್ಲಿ ವ್ಯಾಪಾರದ ಹಕ್ಕಿದ್ದ ಕಂಪನಿಯ ಸೊತ್ತು, ಬಚ್ಚಿಟ್ಟವನಿಗೆ ನೇಣು. ಆ ಕಾನೂನಿಗೆ ಮೊಹರು ಒತ್ತಿದವನು ಬಾರ್ನಬಿಯೇ. ಹಡಗಿಗೆ ಏರುವ ಒಂದೊಂದು ಪೆಟ್ಟಿಗೆಯನ್ನೂ ಬಂದರಿನ ತಪಾಸಣೆಗಾರ ಟ್ರೆಗೆನ್ನ ಬಿಚ್ಚಿಸಿ, ಮೊಣಕೈವರೆಗೆ ಕೈಹಾಕಿ ತಡಕುತ್ತಿದ್ದ. ಪಾದ್ರಿಯ ಪೆಟ್ಟಿಗೆಯನ್ನೂ ಬಿಟ್ಟವನಲ್ಲ. ಅವನು ತಡಕದೆ ಬಿಡುತ್ತಿದ್ದದ್ದು ಹೆಣದ ಪೆಟ್ಟಿಗೆಯೊಂದನ್ನೇ. ಬಡವರು ಸತ್ತರೆ ದ್ವೀಪದಲ್ಲೇ ಮಣ್ಣು. ದೊಡ್ಡ ಮನೆತನದವರ ಹೆಣ ಮಾತ್ರ ಹಿರಿಯರ ಸಮಾಧಿಯ ಮಗ್ಗುಲಿಗೆ ಇಂಗ್ಲೆಂಡಿಗೆ ಹೋಗಬೇಕು. ದೊಡ್ಡ ಮನೆತನದವನೆಂದು ಅಲ್ಲಿದ್ದವನು ಒಬ್ಬನೇ.

ಹಾಗಾಗಿ ಬಾರ್ನಬಿ ಸಾಯಲು ತೀರ್ಮಾನಿಸಿದ.

ಅವಸರಪಡಲಿಲ್ಲ. ದೈವಭಕ್ತರು ಬದುಕಿರುವಾಗಲೇ ಪೆಟ್ಟಿಗೆ ಮಾಡಿಸಿಡುವುದುಂಟು. ಅವನೂ ಮಾಡಿಸಿದಾಗ ಯಾರೂ ಹುಬ್ಬೇರಿಸಲಿಲ್ಲ. ತಳದಲ್ಲಿ ಗಟ್ಟಿಯನ್ನಿಟ್ಟು ಅದರ ಮೇಲೆ ತಾನೇ ಇನ್ನೊಂದು ಹಲಗೆ ಕೂರಿಸಿದ. ತಲೆಯ ಕಡೆ ಮರದ ಗಂಟು ಕಿತ್ತು ಉಸಿರಿಗೆ ತೂತು ಮಾಡಿದ. ಅಂಗಿಯ ತೋಳಿನಲ್ಲಿ ಬಿಸ್ಕತ್ತು ತುಂಬಿದ. ಸತ್ತವರ ಮೂಗಿಗೆ ಹಕ್ಕಿಯ ಗರಿ ಹಿಡಿದು ನೋಡುತ್ತಾರಲ್ಲ, ಅದಕ್ಕೆಂದು ಕಡಲಿನಲ್ಲಿ ಮುಳುಗಿ ಉಸಿರು ಕಟ್ಟುವುದನ್ನು ಕಲಿತ. ನಡುಗಡಲಿನಲ್ಲಿ ಎದ್ದು ಕೂರುವುದು, ನಾವಿಕರು ಮೊಣಕಾಲೂರುತ್ತಾರೆ. ಪೆಟ್ಟಿಗೆಯನ್ನು ನೆನಪಿಗೆಂದು ಮನೆಗೆ ಒಯ್ಯುತ್ತೇನೆ ಎಂದರೆ ಬೇಡ ಎನ್ನುವ ಧೈರ್ಯ ಯಾರಿಗಿದೆ? ಆಮೇಲೆ ಚುನಾವಣೆ. ಸತ್ತು ಎದ್ದು ಬಂದವನಿಗೆ ವೋಟು ಹಾಕದ ಊರು ಯಾವುದಿದ್ದೀತು? ಮೊದಲ ಭಾಷಣವೂ ಸಿದ್ಧವಾಯಿತು. ಅದು ಉದ್ದವಾಗಿಯೇ ಇತ್ತು.

ಹಡಗು ಹೊರಡುವ ಹಿಂದಿನ ಮಧ್ಯಾಹ್ನ, ಮುಖಕ್ಕೆ ಗಂಜಿಪುಡಿ ಬಳಿದುಕೊಂಡು ಊಟಕ್ಕೆ ಕೂತವನು ಎದೆ ಹಿಡಿದುಕೊಂಡು, “ನನ್ನನ್ನು ನಮ್ಮಪ್ಪನ ಪಕ್ಕ ಮಲಗಿಸಿ” ಎಂದು ಕುರ್ಚಿಗೆ ಒರಗಿದ. ದ್ವೀಪದ ಕ್ಷೌರಿಕನೂ ಅವನೇ, ವೈದ್ಯನೂ ಅವನೇ ಆಗಿದ್ದ ಪಾಸ್ಕೊ ಓಡಿಬಂದು ಗರಿ ಹಿಡಿದ. ಗರಿ ಅಲುಗಲಿಲ್ಲ.

ಮರುದಿನ ಬೆಳಗ್ಗೆ ಬಂದರಿನಲ್ಲಿ ಪೆಟ್ಟಿಗೆ ಇಳಿಸಿ, ಕಡೆಯ ದರ್ಶನಕ್ಕೆಂದು ಮುಚ್ಚಳ ತೆಗೆದಿಟ್ಟರು. ಬಿಸಿಲು ಏರತೊಡಗಿತ್ತು. ಅಡುಗೆಯ ಥಾಮಸೀನ್ ಬಗ್ಗಿದವಳು ಹಾಗೇ ನಿಂತುಬಿಟ್ಟಳು.

“ಪಾಸ್ಕೊಣ್ಣ, ಸ್ವಲ್ಪ ಮೂಸಿ ನೋಡು. ಹೆಣದ ನಾತ ಅಲ್ಲ ಇದು.”

ಮರಕ್ಕೆ ಕಾವು ತಾಗಿ ಗಟ್ಟಿ ಘಮಗುಡತೊಡಗಿತ್ತು.

“ನನಗೂ ಬಡೀತು ಕಣಮ್ಮ,” ಎಂದ ತಪಾಸಣೆಗಾರ ಟ್ರೆಗೆನ್ನ. “ಹೂದೋಟಕ್ಕೆ ಹೊಕ್ಕ ಹಾಗಿದೆ.”

“ಅಯ್ಯೋ, ಸಂತರ ಹೆಣ ಮಾತ್ರ ಹೀಗೆ ಘಮ್ಮನ್ನೋದು. ಪುಣ್ಯಾತ್ಮರು ಕಣ್ರೋ!” ಎಂದಳು ಥಾಮಸೀನ್. “ನಮ್ಮೆಜಮಾನ್ರಿಗೆ ಚಾಟಿ ಏಟು ಹಾಕಿಸಿದಾಗ ಮುದಿಗೂಬೆ ಅಂತ ಶಾಪ ಹಾಕಿದ್ದೆ. ನನ್ನ ಬಾಯಿಗೆ ಹುಳ ಬೀಳ!”

“ನೀನೊಬ್ಬಳೇನಾ? ಇಡೀ ದ್ವೀಪವೇ ಬೈತಿತ್ತು,” ಎಂದ ಪಾಸ್ಕೊ.

ಜನ ಸಾಲುಗಟ್ಟಿ ಮೂಸಿದರು. ಕೆನ್ನೆ ಬಡಿದುಕೊಂಡರು, ಮೂಗು ಸೀಟಿದರು, ಅತ್ತರು. ಪಾರ್ಲಿಮೆಂಟಿನಲ್ಲಿ ಒಬ್ಬನ ಕಣ್ಣಲ್ಲೂ ನೀರು ತರಿಸದವನು ಈಗ ಬಾಯಿ ಬಿಡದೆಯೇ ಊರನ್ನೆಲ್ಲ ಅಳಿಸುತ್ತಿದ್ದ. ಬಾರ್ನಬಿ ನಗು ತಡೆಯಲು ಕೆನ್ನೆಯ ಒಳಗಡೆ ಕಚ್ಚಿಕೊಂಡ.

“ಇಂಥೋರನ್ನ ಹಾಗೇ ಕಳಿಸಿಬಿಡೋದಾ?” ಎಂದಳು ಥಾಮಸೀನ್.

“ಹಾಗೇ ಯಾಕೆ ಕಳಿಸೋದು? ಜನ ಮೆಚ್ಚಿದ ದೊಡ್ಡೋರ ಮೈ ಅವರೂರಿಗೆ ಹೋಗತ್ತೆ, ಹೃದಯ ಮಾತ್ರ ಅವರು ಆಳಿದ ನೆಲದಲ್ಲೇ ಹೂಳೋದು. ಹಿಂದಿನಿಂದ ನಡಕೊಂಡು ಬಂದಿದ್ದೇ ಅಲ್ವಾ? ಎಲ್ಲಿ, ಹೃದಯ ಹಾಕೋಕೆ ಒಂದು ತವರದ ಡಬ್ಬಿ ಕೊಡು,” ಎಂದ ಪಾಸ್ಕೊ. ಚರ್ಮದ ಪಟ್ಟಿಯ ಮೇಲೆ ಕ್ಷೌರದ ಕತ್ತಿ ಸರ್ ಸರ್ ಎಂದು ಹರಿದಾಡಿತು.

“ಸಿಗತ್ತಾ?” ಎಂದ ಟ್ರೆಗೆನ್ನ.

“ಇದ್ದರೆ ಸಿಗತ್ತೆ.”

ಅಂಗಿಯ ಮೊದಲ ಗುಂಡಿ ಬಿಚ್ಚಿಕೊಂಡಿತು. ಎದ್ದು ಕೂರಬಹುದಿತ್ತು. ಆದರೆ ಹೆಣ ಎದ್ದು ನಡೆದ ಮೇಲೆ ಅದು ಬರೀ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಮೊಣಕೈವರೆಗೆ ಕೈಹಾಕುವವನು ಅಲ್ಲೇ, ಅಳುತ್ತಾ ನಿಂತಿದ್ದ. ಎರಡನೆಯ ಗುಂಡಿಯೂ ಬಿಚ್ಚಿಕೊಂಡಿತು. ಆ ಪದ್ಧತಿ ಬಾರ್ನಬಿಗೆ ತಿಳಿಯದ್ದೇನಲ್ಲ, ಚಿಕ್ಕಂದಿನಿಂದ ಕೇಳಿದ್ದೇ. ಜನ ಮೆಚ್ಚಿದ ಗವರ್ನರುಗಳಿಗೆ ಮಾತ್ರ ಆ ಮರ್ಯಾದೆ ಎಂದು, ಅದನ್ನು ಯೋಚನೆಗೇ ತಂದುಕೊಂಡಿರಲಿಲ್ಲ.