ವಾಲಿದ ಚೌಕ

ಕಂದು ಕಾಗದ ಬಿಚ್ಚುತ್ತಿದ್ದ ಯಶೋಧರಾಳ ಕೈ ಅಲ್ಲೇ ನಿಂತಿತು. ಬಿಳಿ ಹಾಳೆಯ ಮೇಲೆ ಅವಳು ಬರೆದದ್ದು ಬಲಕ್ಕೆ ವಾಲಿದ ಕೆಂಪು ಚೌಕ. ಫ್ರೇಮಿನ ಕಟ್ಟಿನೊಳಗೆ ಈಗ ಅದು ಪ್ರಾರ್ಥನೆಗೆ ನಿಂತ ಹುಡುಗನ ಹಾಗೆ ನೆಟ್ಟಗೆ ನಿಂತಿತ್ತು.

"ಇದೇನ ಮಾಡೀರಿ ರಾಜಾರಾಮ?"

"ಚೌಕ ವಾರಿ ಆಗಿತ್ರಿ ಟೀಚರ್. ಅವಸರದಾಗ ಬರದಿರಬೇಕು ಅಂತ ಹಾಳಿ ತಿರುಗಿಸಿ, ಅಂಚು ಸುತ್ತಲಿನ ಮೌಂಟಿನ ರಟ್ಟಿನ ಒಳಗ ಮುಚ್ಚಿ, ಸರಿ ಮಾಡೇನಿ. ಕೂದಲೆಳಿಯಷ್ಟೂ ಹೆಚ್ಚುಕಮ್ಮಿ ಇಲ್ಲ ನೋಡ್ರಿ."

ಮುಖದ ತುಂಬ ಹೆಮ್ಮೆ ಬೇರೆ. ಇಂಥ ಮನುಷ್ಯನ ಮೇಲೆ ಸಿಟ್ಟಾದರೂ ಹೇಗೆ ಬರಬೇಕು?

ಸ್ಟೇಷನ್ ರಸ್ತೆಯ ರಾಜಾರಾಮನ ಫ್ರೇಮಿನ ಅಂಗಡಿಯಲ್ಲಿ ಬುದ್ಧ, ಲಕ್ಷ್ಮಿ, ಮದುವೆಯ ಜೋಡಿಗಳು ಎಲ್ಲರೂ ನೆಟ್ಟಗೇ ಇರುತ್ತಿದ್ದರು. ಟಿಕೋಟಾದ ಸಾಲಿಯಲ್ಲಿ ಡ್ರಾಯಿಂಗ್ ಕಲಿಸುವ ಯಶೋಧರಾ ಮಕ್ಕಳ ಚಿತ್ರಗಳಿಗೆ ಕಟ್ಟು ಹಾಕಿಸಲು ಎರಡು ವರ್ಷದಿಂದ ಇಲ್ಲಿಗೇ ಬರುತ್ತಿದ್ದಳು. ರಾಜಾರಾಮ ಗೋಡೆಗೆ ಲೆವೆಲ್ ಪಟ್ಟಿ ಹಚ್ಚಿ, ಗಾಜಿನೊಳಗಿನ ಗುಳ್ಳೆ ನಡುವಿಗೆ ಬಂತೇ ಎಂದು ಕತ್ತು ವಾಲಿಸಿ ನೋಡುವಾಗ ಅವನ ಕೂದಲು ಹಣೆಗೆ ಜಾರುತ್ತಿತ್ತು. ಅದನ್ನು ನೋಡಲೆಂದೇ ಅವಳು ಎಷ್ಟೋ ಸಲ, "ಇನ್ನೊಮ್ಮೆ ನೋಡ್ರಿ, ಸರಿ ಇದ್ದಂಗಿಲ್ಲ" ಎಂದದ್ದುಂಟು.

ನಾಡಿದ್ದು ಐತವಾರ ಅವಳನ್ನು ನೋಡಲು ಬಬಲೇಶ್ವರದವರು ಬರುವವರಿದ್ದರು. "ಒಲ್ಲೆ ಅಂದ್ರ ಈ ಸಲ ಕಾರಣ ಹೇಳು. ಯಾರರ ಇದ್ರ ಹೆಸರ ಹೇಳು" ಎಂದಿದ್ದಳು ಅವ್ವ ರೇಣವ್ವ. ಹೆಸರು ಇತ್ತು. ಆ ಹೆಸರಿನವನ ಮನಸ್ಸಿನಲ್ಲಿ ತಾನಿದ್ದೇನೋ ಇಲ್ಲವೋ, ಅದು ಗೊತ್ತಿರಲಿಲ್ಲ. ಕೇಳಲು ಬಾಯಿ ಬರದೆ ಚಿತ್ರ ಬರೆದು ತಂದುಕೊಟ್ಟರೆ, ಪುಣ್ಯಾತ್ಮ ಅದನ್ನು ನೆಟ್ಟಗೆ ಮಾಡಿಟ್ಟಿದ್ದ.

"ಬೇಕಂತನ ವಾಲಿಸಿದ್ದೆ" ಎಂದಳು.

"ಆದ್ರ ಇದರಾಗ ಚಿತ್ರ ಎಲ್ಲೈತ್ರಿ?"

"ನೂರು ವರ್ಷದ ಹಿಂದ ರಷ್ಯಾದಾಗ ಒಬ್ಬ ಚಿತ್ರಕಾರ ಬಿಳಿ ಕ್ಯಾನ್ವಾಸಿನ ಮ್ಯಾಲೆ ಬರೇ ಒಂದು ಕರೀ ಚೌಕ ಬರದ. ಅಲ್ಲಿ ಮಂದಿ ಮನ್ಯಾಗ ದೇವರ ಫೋಟೋ ಇಡ್ತಾರಲ್ಲ, ಅಂಥಾ ಮೂಲ್ಯಾಗ ಅದನ್ನ ತೂಗಹಾಕಿದ."

"ದೇವರ ಜಾಗಾದಾಗ ಚೌಕ?"

"ಹೂಂ. ಗಿಡ, ಮನಿ, ಮಾರಿ ಎಲ್ಲಾ ತಗದಮ್ಯಾಲೂ ಒಂದು ಭಾವನಾ ಉಳೀತೈತಲ್ಲ, ಚೌಕ ಅಂದ್ರ ಅದು. ಸುತ್ತಲಿನ ಬಿಳಿ ಅಂದ್ರ ಖಾಲಿ. ಮುಂದ ಅಂವ ಬಿಳಿ ಮ್ಯಾಲೆ ಬಿಳಿ ಚೌಕಾನೂ ಬರದ."

"ಕಾಣೂದು ಹ್ಯಾಂಗ್ರಿ?"

"ನೋಡಬೇಕು ಅನ್ನಾವ್ರಿಗೆ ಕಾಣತೈತಿ."

ರಾಜಾರಾಮ ಲೆವೆಲ್ ಪಟ್ಟಿ ಕೈಗೆತ್ತಿಕೊಂಡ. ಆಮೇಲೆ ಮೆಲ್ಲಗೆ, "ಹಂಗಾರ ಇದು ಯಾವ ಭಾವನಾ?" ಎಂದ.

"ನೆಟ್ಟಗ ನಿಂತದ್ದು ನಿಂತಲ್ಲೇ ಇರತೈತಿ. ವಾಲಿದ್ದು ಯಾರ ಕಡೆಗೋ ಹೊಂಟಿರತೈತಿ."

"ಯಾರ ಕಡೆ?"

"ಅದನ್ನ ಹೇಳಾಕ ಬಂದಿದ್ರ ಚಿತ್ರ ಯಾಕ ಬರೀತಿದ್ದೆ? ಐತವಾರ ನನ್ನ ನೋಡಾಕ ಬರಾಕತ್ತಾರ. ಅದಕ್ಕಿಂತ ಮೊದಲ ಸರಿ ಮಾಡಿ ಕೊಡ್ರಿ."

ಅವನ ಕೈಯಲ್ಲಿದ್ದ ಪಟ್ಟಿಯ ಗುಳ್ಳೆ ನಡುವೆ ನಿಲ್ಲಲೊಲ್ಲದೆ ಅತ್ತಿತ್ತ ಓಡಾಡುತ್ತಿತ್ತು. ಅವಳು ಅದನ್ನು ನೋಡಿಯೂ ನೋಡದಂತೆ ಹೊರಟುಬಿಟ್ಟಳು.

ಶನಿವಾರ ಸಾಲಿ ಅರ್ಧ ದಿನ. ಟಿಕೋಟಾದಿಂದ ಅಥಣಿ ರಸ್ತೆ ಹಿಡಿದು ಬರುವ ಬಸ್ಸಿನ ಕಿಟಕಿಗೆ ತಲೆಯಾನಿಸಿ ಅವಳು ಅರೆಗಣ್ಣಾದಳು. ಜೋಳದ ಹೊಲಗಳು ಕರಗಿ ಬರೀ ಹಸಿರು ಚೌಕಗಳಾದವು. ಸೂರ್ಯ ಒಂದು ದುಂಡು, ರಸ್ತೆ ಒಂದು ಗೆರೆ. ತಿರುವಿನಲ್ಲಿ ಬಸ್ಸು ವಾಲಿದಾಗ ಲೋಕವೆಲ್ಲ ಅವನ ಕಡೆಗೇ ಜಾರಿದಂತಾಯಿತು. ತನಗೆ ಹುಚ್ಚು ಹಿಡಿದಿದೆ ಎಂದುಕೊಂಡು ಒಬ್ಬಳೇ ನಕ್ಕಳು.

ಅಂಗಡಿಯಲ್ಲಿ ರಾಜಾರಾಮ ಮೂಲೆಯತ್ತ ಕೈ ತೋರಿಸಿದ. ಬುದ್ಧನ ಫೋಟೋದ ಪಕ್ಕದಲ್ಲಿ, ಎತ್ತರದಲ್ಲಿ, ಅವಳ ಕೆಂಪು ಚೌಕ ಮತ್ತೆ ವಾಲಿಕೊಂಡಿತ್ತು. ಆದರೆ ಕಟ್ಟು ಮೊದಲಿನದಲ್ಲ, ಇನ್ನೂ ಅಗಲವಾದದ್ದು. ಬಲಗಡೆ ಪೂರ್ತಿ ಖಾಲಿ ಬಿಳಿ.

"ಇಷ್ಟ ಜಾಗಾ ಯಾಕ ಬಿಟ್ಟೀರಿ?"

"ಖಾಲಿ ಇಲ್ರಿ. ನೋಡ್ರಿ."

ಅವನು ಬಾಗಿಲ ಪರದೆ ಸರಿಸಿದ. ಓರೆ ಬಿಸಿಲು ಬಿದ್ದಾಗ ಬಿಳಿಯೊಳಗೆ ತೆಳು ನೆರಳಿನ ಗೆರೆಗಳು ಎದ್ದವು. ಬಿಳಿ ಮೌಂಟಿನಲ್ಲಿ ಕತ್ತರಿಸಿದ ಇನ್ನೊಂದು ಚೌಕ, ಹಿಂದೆಯೂ ಬಿಳಿ ಹಾಳೆ. ಅದು ಎಡಕ್ಕೆ ವಾಲಿತ್ತು. ಅದರ ಮೂಲೆ ಕೆಂಪಿನ ಮೂಲೆಯನ್ನು ಇನ್ನೇನು ಮುಟ್ಟುವಂತಿತ್ತು.

ಯಶೋಧರಾಳ ಕಣ್ಣು ತುಂಬಿ ಎರಡೂ ಚೌಕ ಕಲಸಿಹೋದವು.

"ಬರಿಯಾಕ ನನಗ ಬರೂದಿಲ್ರಿ, ಕತ್ತರಸಾಕಷ್ಟ ಬರತೈತಿ" ಎಂದ ಅವನು, ನೆಲ ನೋಡುತ್ತ. "ನೀವು ಟೀಚರ್, ನಾ ಹತ್ತನೇ ಕ್ಲಾಸ್ ಫೇಲ್ ಆದಾಂವ. ಎರಡು ವರ್ಷದಿಂದ ಹಿಂಗ ವಾಲೇನಿ. ಯಾರಿಗೂ ಕಾಣಬಾರದು ಅಂತ ನೆಟ್ಟಗ ನಿಂತಿದ್ದೆ."

"ನನಗ ಕಾಣತಿತ್ತು" ಎಂದಳು. ಸುಳ್ಳು. ಕಂಡಿದ್ದರೆ ಇಷ್ಟು ನಿದ್ದೆ ಕೆಡುತ್ತಿರಲಿಲ್ಲ.

ಅವನು ತಲೆ ಎತ್ತಿದ. ಕೂದಲು ಹಣೆಗೆ ಜಾರಿತು. ಈ ಸಲ ಅವಳೇ ಕೈ ಚಾಚಿ ಅದನ್ನು ಹಿಂದಕ್ಕೆ ಸರಿಸಿದಳು.

"ಇವತ್ತ ಸಂಜಿಗೆ ಅವ್ವಗ ಹೆಸರು ಹೇಳತೇನಿ. ಬಬಲೇಶ್ವರದವರಿಗೆ ಬರಬ್ಯಾಡ್ರಿ ಅಂತ ಫೋನ್ ಹೋಗತೈತಿ. ನಾಳೆ ನೀವು ನಿಮ್ಮವ್ವನ್ನ ಕರಕೊಂಡು ಇಟ್ಟಂಗಿಹಾಳಕ್ಕ, ನಮ್ಮ ಮನಿಗೆ ಬರ್ರಿ."

"ಬರಾಗ ಏನ ತರ್ಲಿ?"

"ಆ ಲೆವೆಲ್ ಪಟ್ಟಿ ಒಂದು ಬಿಟ್ಟು, ಏನರ ತರ್ರಿ."